ಆಮೆಗೆ ರೆಕ್ಕೆ ಬಂದದ್ದು

ಇಸ್ತ್ರಿ ದೊಡ್ಡಮ್ಮನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹಳೆಯದೊಂದು ಕಟ್ಟಡದ ಮೆಟ್ಟಿಲ ಕೆಳಗೆ, ಎತ್ತರದವರು ತಲೆ ಬಗ್ಗಿಸಿಯೇ ಬರಬೇಕಾದ ಜಾಗದಲ್ಲಿ ಅವಳ ಅಂಗಡಿ. ಅಗಲದೊಂದು ಮೇಜು, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಸುಟ್ಟ ಕಲೆಗಳ ಬಿಳಿ ಬಟ್ಟೆ, ಮೂಲೆಯಲ್ಲಿ ಇದ್ದಿಲ ಚೀಲ. ಕರೆಂಟಿನ ಇಸ್ತ್ರಿ ಪೆಟ್ಟಿಗೆಯನ್ನು ಮಗಳು ತಂದುಕೊಟ್ಟಿದ್ದಳು. ಅದು ಬಂದ ಡಬ್ಬಿಯೊಳಗೇ ಕೂತಿತ್ತು. "ಅದಕ್ಕೆ ಬಿಸಿ ಇದೆ, ತೂಕ ಇಲ್ಲ. ನಿಮ್ಮ ಸಾಹೇಬರ ಹಾಗೆ," ಎಂದು ಅವಳು ಒಬ್ಬ ಜವಾನನಿಗೆ ಹೇಳಿದ್ದು ಸಂಜೆಯೊಳಗೆ ಸಾಹೇಬರ ಕಿವಿ ಮುಟ್ಟಿತು. ಮರುದಿನವೂ ಸಾಹೇಬರ ಶರ್ಟು ಅವಳಲ್ಲಿಗೇ ಬಂತು, ಯಾಕೆಂದರೆ ಕಾಲರನ್ನು ಅವಳ ಹಾಗೆ ನೆಟ್ಟಗೆ ನಿಲ್ಲಿಸುವವರು ಬೇರೆ ಇರಲಿಲ್ಲ.

ದೊಡ್ಡಮ್ಮನ ಮಂದಿ ಬೆಟ್ಟದವರು. ಅವಳ ಅಜ್ಜಿಯ ಕಾಲಕ್ಕೆ ಕೂಲಿ ಹುಡುಕಿಕೊಂಡು ಕೆಳಗಿಳಿದವರು, ಊರಿನ ಓಣಿಗಳಲ್ಲಿ ಚೆಲ್ಲಿದ ಸಾಸಿವೆಯಂತೆ ಒಬ್ಬೊಬ್ಬರು ಒಂದೊಂದು ಕಡೆ ಉಳಿದುಬಿಟ್ಟರು. ಅವರಿಗೆ ಅವರದೇ ಒಂದು ಮಾತಿತ್ತು. ಊರಿನ ಮಾತಿಗೂ ಅದಕ್ಕೂ ಅಜಗಜಾಂತರ. ಆ ಮಾತಿನಲ್ಲಿ ಕತೆಗಳಿದ್ದವು. ಕತೆಯನ್ನು ಮಕ್ಕಳಿಗೆ ದಾಟಿಸಲು ಅವರಲ್ಲಿ ಒಂದು ಪದ್ಧತಿ ಇತ್ತು. ಗೊತ್ತಿಲ್ಲದವರು ಕೇಳಿದರೆ ಇವರಿಗೆ ತಲೆ ನೆಟ್ಟಗಿದೆಯೇ ಎಂದು ಕೇಳುವಂಥ ಪದ್ಧತಿ.

ಹಿರಿಯರು ಮೊದಲ ಸಲ ಕತೆಯನ್ನು ನೆಟ್ಟಗೆ ಹೇಳುತ್ತಾರೆ. ಎರಡನೆಯ ಸಲದಿಂದ ಬೇಕೆಂದೇ ಕೆಡಿಸಿ ಹೇಳುತ್ತಾರೆ. ಕೆಟ್ಟ ಜಾಗ ಬಂದಾಗ ಮಗು "ಸುಳ್ಳು!" ಎಂದು ಕೂಗಬೇಕು. ಆಗ ಹಿರಿಯರು "ಹಾಗಾದರೆ ನೀನೇ ಹೇಳು" ಎನ್ನುತ್ತಾರೆ, ಮಗು ತಿದ್ದಿ ಹೇಳುತ್ತದೆ. ಮಗು ಸುಮ್ಮನಿದ್ದರೆ ಸುಳ್ಳು ಬೆಳೆಯುತ್ತ ಹೋಗುತ್ತದೆ. ಮೊದಲು ಮೊಲಕ್ಕೆ ಕೊಂಬು ಬರುತ್ತದೆ, ಆಮೇಲೆ ಮೊಲ ಯಾರಿಗೋ ಅತ್ತೆಯಾಗುತ್ತದೆ, ಕೊನೆಗೆ ಆ ಅತ್ತೆ ಸೊಸೆಯನ್ನು ಕೂರಿಸಿ ಕಾಲೊತ್ತುತ್ತಾಳೆ. ಅಷ್ಟು ಹೊತ್ತಿಗೆ ಎಂಥ ದಡ್ಡ ಮಗುವೂ ಎದ್ದು ನಿಂತು ಕೂಗುತ್ತದೆ. ಕೆಡಿಸಿದ ಜಾಗಗಳನ್ನೆಲ್ಲ ಮಗು ಹಿಡಿದ ದಿನ ಕತೆ ಮಗುವಿನದಾಯಿತು. ಆಮೇಲೆ ಹಿರಿಯರು ಆ ಕತೆಯನ್ನು ಎಂದೂ ಹೇಳುವಂತಿಲ್ಲ. ಇನ್ನು ಕತೆ ಕೇಳುತ್ತ "ಹೂಂ, ಹೂಂ" ಎನ್ನುವುದಿದೆಯಲ್ಲ, ಅದು ಅವರಲ್ಲಿ ಮುಖಕ್ಕೆ ಬಾಗಿಲು ಹಾಕಿದಂಥ ಅವಮಾನ.

ದೊಡ್ಡಮ್ಮ ತನ್ನ ತಾಯಿಯ ಬಾಯಿಂದ ಕತೆಗಳನ್ನು ಹೀಗೆಯೇ ಜಗಳವಾಡಿ ಕಿತ್ತುಕೊಂಡವಳು. ಅವಳ ಬಾಯಿ ಜೋರಾದದ್ದೇ ಅದರಿಂದ ಎಂದು ಬೀದಿಯವರಿಗೆ ಗೊತ್ತಿರಲಿಲ್ಲ. ಅವಳ ಮಗಳೋ, ಚಿಕ್ಕಂದಿನಲ್ಲಿ ತಾಯಿಯನ್ನೂ ಮೀರಿಸಿದ ಜಗಳಗಂಟಿ. ಅಮ್ಮ ಉಸಿರೆಳೆದುಕೊಳ್ಳುವಷ್ಟರಲ್ಲಿ "ಸುಳ್ಳು!" ಎನ್ನುತ್ತಿದ್ದಳು. ಒಂದೊಂದಾಗಿ ಎಲ್ಲ ಕತೆಗಳನ್ನೂ ಗೆದ್ದುಕೊಂಡಳು. ಉಳಿದದ್ದು ಒಂದೇ, ಕೆಂಡದ ಕತೆ. ಅದು ಅರ್ಧ ದಾರಿಯಲ್ಲಿದ್ದಾಗ ಶಾಲೆಯ ಮೇಷ್ಟ್ರು ತಾಯಿಯನ್ನು ಕರೆಸಿ, "ಮನೆಯಲ್ಲಿ ಊರ ಮಾತು ಆಡಿ. ನಿಮ್ಮ ಕಾಡು ಮಾತಿನಿಂದ ಮಗು ದಡ್ಡಿಯಾಗ್ತಾಳೆ," ಎಂದರು. ದೊಡ್ಡಮ್ಮ ಮೇಷ್ಟ್ರಿಗೆ ಸರಿಯಾಗಿಯೇ ಉತ್ತರ ಕೊಟ್ಟು ಬಂದಳು, ಆದರೆ ಹುಡುಗಿ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ಅಂದಿನಿಂದ ಬೆಟ್ಟದ ಮಾತು ಅವಳ ಬಾಯಿಂದ ಹೊರಡಲಿಲ್ಲ. ತಾಯಿ ಕೆಂಡದ ಕತೆ ಎತ್ತಿದರೆ ಪುಸ್ತಕದಿಂದ ತಲೆ ಎತ್ತದೆ "ಹೂಂ" ಎಂದಳು. ದೊಡ್ಡಮ್ಮ ಅಂದು ಅರ್ಧ ಇಸ್ತ್ರಿಯಾದ ಅಂಗಿಯನ್ನು ಹಾಗೇ ಬಿಟ್ಟು ಎದ್ದು ಹೋಗಿ ಹಿತ್ತಲಲ್ಲಿ ಕೂತು ಅತ್ತಳು.

ಆ ಮಗಳು ಈಗ ಸಿಟಿ ಬಸ್ಸಿನ ಕಂಡಕ್ಟರ್. ಹೆಗಲಿಗೆ ಚರ್ಮದ ಚೀಲ, ಬಾಯಲ್ಲಿ ಸೀಟಿ, ಗಂಟಲು ತಾಯಿಯದೇ. ಅಳಿಯ ದೂರದೂರುಗಳಿಗೆ ಲಾರಿ ಓಡಿಸುವವನು. ಮನೆಯಲ್ಲಿದ್ದದ್ದಕ್ಕಿಂತ ಫೋನಿನಲ್ಲಿದ್ದದ್ದೇ ಹೆಚ್ಚು. ಅವರ ಮಗಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಗುಬ್ಬಿ ಚಿಕ್ಕವಳಿದ್ದಾಗ ಅಜ್ಜಿ ಕೆಂಡದ ಕತೆಯನ್ನು ಒಮ್ಮೆ ನೆಟ್ಟಗೆ ಹೇಳಿಯೂ ಇದ್ದಳು. ಮಗು ಅಮ್ಮನ ಫೋನು ನೋಡುತ್ತ "ಹೂಂ ಅಜ್ಜಿ" ಎಂದಿತು.

ಕತೆ ಹೀಗಿದೆ. ಮಳೆಗೆ ಬೆಟ್ಟದ ಒಲೆಗಳೆಲ್ಲ ಆರಿಹೋದವು. ಆಚೆ ಗುಡ್ಡದಲ್ಲಿ ಮಾತ್ರ ಬೆಂಕಿ ಇತ್ತು. ಜಿಂಕೆ ಕೆಂಡ ಹೊತ್ತು ಓಡಿತು. ಗಾಳಿಗೆ ಕೆಂಡ ಉರಿದು ಅರ್ಧ ದಾರಿಯಲ್ಲಿ ಬೂದಿಯಾಯಿತು. ಹದ್ದು ಕೆಂಡ ಹಿಡಿದು ಹಾರಿತು. ಕಣಿವೆ ದಾಟುವ ಮೊದಲೇ ಬೂದಿಯಾಯಿತು. ಕೊನೆಗೆ ಆಮೆ ಬೆನ್ನ ಮೇಲೆ ಕೆಂಡ ಇಟ್ಟುಕೊಂಡು ನಡೆಯಿತು. ಅದು ಎಷ್ಟು ನಿಧಾನ ನಡೆಯಿತೆಂದರೆ ಕೆಂಡದ ಮೇಲೆ ಬೂದಿ ಮುಚ್ಚಿಕೊಂಡಿತು, ಬೂದಿಯ ಕೆಳಗೆ ಕೆಂಡ ಬದುಕಿತು. ಆಮೆ ಬಂದು ಮುಟ್ಟಿದಾಗ ಒಬ್ಬರೂ ಒಳ್ಳೆ ಮಾತಾಡಲಿಲ್ಲ, "ಇಷ್ಟು ತಡ ಯಾಕೆ?" ಎಂದು ಬೈದರು. ಆಮೆ ತಲೆಯನ್ನು ಒಳಗೆ ಎಳೆದುಕೊಂಡಿತು. ಇಷ್ಟೇ ಕತೆ. ಇಷ್ಟನ್ನು ಬಾಯಲ್ಲಿಟ್ಟುಕೊಂಡು ದೊಡ್ಡಮ್ಮನಿಗೆ ಕೂದಲು ಬೆಳ್ಳಗಾಯಿತು, ಇದ್ದಿಲ ಹೊಗೆಗೆ ಕೆಮ್ಮು ಹತ್ತಿತು. ಸಾಯುವ ಮೊದಲು ಒಬ್ಬರಾದರೂ ನನಗೆ ಎದುರು ನಿಂತು "ಸುಳ್ಳು" ಅನ್ನಬೇಕು ಎಂಬುದೊಂದೇ ಅವಳ ಆಸೆ. ಊರಿಗೆಲ್ಲ ಎದುರಾಡುವ ಹೆಂಗಸಿಗೆ ಮನೆಯಲ್ಲಿ ಎದುರಾಡುವವರಿಲ್ಲದೆ ಹೋದರು.

ಹೀಗಿರುವಾಗ ಬೆಟ್ಟದ ಮಾತನ್ನು ಉಳಿಸಲು ಸರ್ಕಾರ ಒಂದು ಕೇಂದ್ರ ತೆರೆಯಿತು. ಅದರ ನಿರ್ದೇಶಕರಿಗೆ ದೊಡ್ಡಮ್ಮ ಸಿಕ್ಕಿದ್ದು ಕಾಲರಿನ ದೆಸೆಯಿಂದ. ಶರ್ಟು ಒಯ್ಯಲು ತಾವೇ ಬಂದಿದ್ದ ದಿನ, ಕೆಂಡ ಸಿಡಿದು ಕೈ ಸುಟ್ಟಾಗ ಅವಳು ಬೆಟ್ಟದ ಮಾತಿನಲ್ಲಿ ಬೈದದ್ದನ್ನು ಅವರು ಕೇಳಿದರು. ಅವರ ಮುಖ ಅರಳಿತು. ಬೈಗುಳ ಏನೆಂದು ಅರ್ಥವಾಗಿದ್ದರೆ ಅಷ್ಟು ಅರಳುತ್ತಿರಲಿಲ್ಲ.

"ದೊಡ್ಡಮ್ಮ, ನೀವು ನಡೆದಾಡೋ ನಿಧಿ!" ಎಂದರು.

"ನಡೆದಾಡೋದು ಎಲ್ಲಿ ಬಂತು ಸ್ವಾಮಿ, ಮಂಡಿ ನೋವು. ನಿಂತಿರೋ ನಿಧಿ ಅಂತ ಬರ್ಕೊಳ್ಳಿ."

ಕಾರು ಬಂತು. ಅವಳನ್ನು ಒಂದು ಕೋಣೆಗೆ ಒಯ್ದರು. ಗೋಡೆಗೆಲ್ಲ ಹಾಸಿಗೆಯಂಥ ಮೆತ್ತೆ, ಬಾಗಿಲ ಮೇಲೆ ಕೆಂಪು ದೀಪ, ಪಕ್ಕದಲ್ಲಿ "ಸದ್ದು ಮಾಡಬಾರದು" ಎಂಬ ಬೋರ್ಡು. ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡ ತಂತ್ರಜ್ಞ, ನಿರ್ದೇಶಕರು, ಅವರ ಜೊತೆ ಒಬ್ಬಳು ಸಂಶೋಧಕಿ. ಕತೆ ಹೇಳಿ ಎಂದು ಕರೆತಂದು ಸದ್ದು ಮಾಡಬಾರದು ಎಂದು ಬರೆದವರನ್ನು ದೊಡ್ಡಮ್ಮ ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಒಂದು ಸಲ ಹಾಗೇ ಹೇಳಿ ದೊಡ್ಡಮ್ಮ, ಮೈಕು ಚೆಕ್ ಮಾಡ್ಕೋತೀವಿ," ಎಂದ ತಂತ್ರಜ್ಞ.

ಮೊದಲ ಸಲ. ಅವಳು ಕಣ್ಣು ಮುಚ್ಚಿ ಕೆಂಡದ ಕತೆಯನ್ನು ಮೊದಲಿಂದ ಕೊನೆಯವರೆಗೆ ನೆಟ್ಟಗೆ, ಕಾಲರಿನ ಹಾಗೆ ನೆಟ್ಟಗೆ ಹೇಳಿದಳು. ತಂತ್ರಜ್ಞ ಹೆಬ್ಬೆರಳೆತ್ತಿದ. "ಸೂಪರ್. ಮೈಕು ಚೆನ್ನಾಗಿದೆ. ಈಗ ರೆಕಾರ್ಡಿಂಗ್. ಇನ್ನೊಂದು ಸಲ ಹೇಳಿ."

ಇನ್ನೊಂದು ಸಲ ಎಂದರೆ ಎರಡನೆಯ ಸಲ. ದೊಡ್ಡಮ್ಮ ಪದ್ಧತಿ ಬಿಡುವವಳಲ್ಲ. ಆಮೆ ಸರಸರನೆ ನಡೆಯಿತು ಎಂದು ಒಂದು ಕಡೆ ಕೆಡಿಸಿ, ಗಾಜಿನಾಚೆ ನೋಡಿದಳು. ಮೂವರೂ ತಲೆಯಾಡಿಸುತ್ತಿದ್ದರು. "ಫ್ಯಾನಿನ ಸದ್ದು ಬಂತು, ಮತ್ತೊಮ್ಮೆ," ಎಂದರು. ಆಮೆ ಓಡಿತು. ತಲೆಯಾಡಿಸಿದರು. "ನಿಮ್ಮ ಕೆಮ್ಮು ಬಂತು, ಮತ್ತೊಮ್ಮೆ." ಆಮೆಗೆ ರೆಕ್ಕೆ ಬಂತು. ರೆಕ್ಕೆ ಬಂದ ಆಮೆ ಕೆಂಡ ಕಚ್ಚಿಕೊಂಡು ಕಣಿವೆಯ ಮೇಲೆ ಎರಡು ಸುತ್ತು ಹಾಕಿತು. ಇನ್ನಾದರೂ ಯಾರಾದರೂ ಕೂಗಿಯಾರು ಎಂದು ಅವಳು ಕಾದಳು. ಗಾಜಿನಾಚೆ ಸಂಶೋಧಕಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಿರ್ದೇಶಕರು ಒಳಗೆ ಬಂದು ಕೈ ಮುಗಿದು, "ಅದ್ಭುತ! ಇದೇ ಫೈನಲ್," ಎಂದರು.

ಅಲ್ಲೇ ಬಾಯಿ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಕೆಡಿಸಿದೆ ಎಂದು ಕೆಡಿಸಿದವರೇ ಹೇಳುವ ಪದ್ಧತಿ ಅವರಲ್ಲಿಲ್ಲ. ಅದಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಅವಳಿಗೆ ಆ ದಿನ ಖುಷಿಯೂ ಆಗಿತ್ತು. ಮೆತ್ತನೆಯ ಕುರ್ಚಿ, ಕೈ ಮುಗಿದ ಸಾಹೇಬರು, ಹೋಗುವಾಗಲೂ ಕಾರು. ಬೀದಿಯವರೆಲ್ಲ ನೋಡಲಿ ಎಂದು ಡ್ರೈವರನಿಗೆ ಮೂರು ಸಲ ಹಾರ್ನ್ ಹೊಡೆಯಲು ಹೇಳಿದಳು.

ಆಮೇಲಿನದು ಅವಳ ಕೈ ಮೀರಿ ಬೆಳೆಯಿತು. ಸಂಶೋಧಕಿ "ಆಮೆಯ ಹಾರಾಟ ಮತ್ತು ಬೆಟ್ಟದವರ ಗಗನಪ್ರಜ್ಞೆ" ಎಂದು ದಪ್ಪನೆಯ ಪ್ರಬಂಧ ಬರೆದಳು. ಕೆಳಗೆ ಬಿದ್ದವರ ಮೇಲೇಳುವ ಕನಸೇ ರೆಕ್ಕೆ ಎಂದು ಅದರ ಸಾರ. ಕೇಂದ್ರದ ಗೇಟಿನ ಬಳಿ ಸಿಮೆಂಟಿನ ರೆಕ್ಕೆಯ ಆಮೆ ಎದ್ದು ನಿಂತಿತು, ಕಾಗೆಗಳಿಗೆ ಅನುಕೂಲವಾಯಿತು. ಬೆಟ್ಟದ ಮಾತಿಗೆ ಪಠ್ಯಪುಸ್ತಕ ಬಂತು, ಮೊದಲ ಪಾಠವೇ ಹಾರುವ ಆಮೆ, ಮುಖಪುಟದಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದ ದೊಡ್ಡಮ್ಮ. ಮೊದಲ ಪ್ರತಿ ಕೈಗಿಟ್ಟಾಗ ಅವಳು ರೆಕ್ಕೆಯ ಆಮೆಯ ಚಿತ್ರ ನೋಡಿದಳು. ನೇರ ನಿರ್ದೇಶಕರ ಕೋಣೆಗೆ ಹೋದಳು.

"ಸ್ವಾಮಿ, ಆಮೆ ಹಾರಲ್ಲ."

"ಹೌದೌದು, ಸಾಮಾನ್ಯ ಆಮೆ ಹಾರಲ್ಲ ದೊಡ್ಡಮ್ಮ. ಇದು ನಿಮ್ಮ ಆಮೆ."

"ನಮ್ಮದೂ ಹಾರಲ್ಲ. ನಾನು ಕೆಡಿಸಿ ಹೇಳಿದ್ದು. ನೀವು ಸುಳ್ಳು ಅನ್ನಬೇಕಿತ್ತು. ಅನ್ನಲಿಲ್ಲ."

ನಿರ್ದೇಶಕರು ನಕ್ಕು ಕಂಪ್ಯೂಟರಿನಲ್ಲಿ ಅವಳದೇ ದನಿ ಹಾಕಿ ಕೇಳಿಸಿದರು. ಆಮೆಗೆ ರೆಕ್ಕೆ ಬಂತು ಎಂದು ಅವಳೇ ಹೇಳುತ್ತಿದ್ದಳು, ಎಷ್ಟು ಚೆಂದಾಗಿ ಹೇಳುತ್ತಿದ್ದಳೆಂದರೆ ಒಂದು ಗಳಿಗೆ ಅವಳಿಗೇ ನಂಬಿಕೆ ಬಂತು.

"ನೋಡಿ, ಮೂಲ ಇದು," ಎಂದರು ಅವರು, ಮಗುವಿಗೆ ತಿಳಿಹೇಳುವ ಹಾಗೆ. "ವಯಸ್ಸಾದ ಮೇಲೆ ಮರೆವು ಸಹಜ. ನಿಮ್ಮ ಕತೆ ನಿಮಗೇ ಮರೆತುಹೋಗಬಾರದು ಅಂತಾನೇ ನಾವಿರೋದು. ಏನೂ ಯೋಚಿಸಬೇಡಿ."

ಮಾತಿಗೆ ಮಾತು ಕೊಡುವ ದೊಡ್ಡಮ್ಮನಿಗೆ ಅಂದು ತನ್ನ ಮಾತೇ ಎದುರಾಳಿಯಾಯಿತು. ಅಂಗಡಿಗೆ ಬಂದು ಅವರ ಶರ್ಟಿನ ಕಾಲರನ್ನು ಅಡ್ಡಡ್ಡ ಮಡಚಿ ಇಸ್ತ್ರಿ ಮಾಡಿ ಕಳಿಸಿದಳು. ಅವರು ಅದನ್ನೂ ಬೆಟ್ಟದ ಶೈಲಿ ಎಂದುಕೊಂಡು ಹಾಕಿಕೊಂಡು ಓಡಾಡಿದರು.

ಗುಬ್ಬಿಯ ಶಾಲೆಯಲ್ಲೂ ಬೆಟ್ಟದ ಮಾತಿನ ಪೀರಿಯಡ್ಡು ಶುರುವಾಯಿತು. ಒಂದು ಕಾಲಕ್ಕೆ ದಡ್ಡರನ್ನು ಮಾಡುತ್ತಿದ್ದ ಮಾತಿಗೆ ಈಗ ಅಂಕ ಸಿಗುತ್ತಿತ್ತು. ಮೊಮ್ಮಗಳ ಬಾಯಲ್ಲಿ ಆ ಮಾತು ಕೇಳಿ, ಅದು ಅಚ್ಚಿನ ವಾಸನೆಯ ಮಾತಾದರೂ, ದೊಡ್ಡಮ್ಮನ ಹೊಟ್ಟೆ ತಣ್ಣಗಾಯಿತು. ಕೇಂದ್ರದವರು ಕತೆ ಹೇಳುವ ಸ್ಪರ್ಧೆ ಇಟ್ಟರು, ಮೊದಲ ಬಹುಮಾನ ಸೈಕಲ್ಲು. ಗುಬ್ಬಿಗೆ ಸೈಕಲ್ಲಿನ ಮೇಲೆ ಪ್ರಾಣ. ಅಂಗಡಿಯ ಮೇಜಿನ ಪಕ್ಕ ನಿಂತು ಹಾರುವ ಆಮೆಯನ್ನು ಒಂದೇ ಸಮನೆ ಉರು ಹೊಡೆಯತೊಡಗಿದಳು.

ಸ್ಪರ್ಧೆಯ ಹಿಂದಿನ ಸಂಜೆ ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. "ಗುಬ್ಬಿ, ಪುಸ್ತಕ ಮುಚ್ಚಿಡು. ನಾನು ಹೇಳ್ತೀನಿ ಕೇಳು," ಎಂದು ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು, ಹಿಂದೊಮ್ಮೆ "ಹೂಂ" ಎಂದು ಕೇಳಿದ್ದನ್ನು ಲೆಕ್ಕಕ್ಕೆ ಹಿಡಿಯದೆ, ಕತೆಯನ್ನು ನೆಟ್ಟಗೆ ಶುರುಮಾಡಿದಳು. ಜಿಂಕೆ ಆಯಿತು, ಹದ್ದು ಆಯಿತು. "ಆಮೆ ಬೆನ್ನ ಮೇಲೆ ಕೆಂಡ ಇಟ್ಟುಕೊಂಡು ನಿಧಾನ ನಡೆಯಿತು..."

"ಸುಳ್ಳು!" ಎಂದಳು ಗುಬ್ಬಿ.

ಬೆಟ್ಟದ ಮಾತಿನಲ್ಲೇ ಅಂದಳು. ಎಷ್ಟೋ ವರ್ಷದಿಂದ ಕಾದಿದ್ದ ಶಬ್ದ ಕಿವಿಗೆ ಬಿದ್ದಾಗ ದೊಡ್ಡಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಗು ಸತ್ಯಕ್ಕೆ ಸುಳ್ಳು ಎಂದಿತ್ತು.

"ಆಮೆ ಹಾರಿತು. ಪಾಠದಲ್ಲಿ ಹಾಗೇ ಇದೆ. ನೀನೇ ಹೇಳಿದ್ದಂತಲ್ಲ ಅಜ್ಜಿ!"

ಪದ್ಧತಿ ಪದ್ಧತಿಯೇ. ಮಗು ಎದುರಾಡಿದರೆ ಹಿರಿಯರು ಅನ್ನಬೇಕಾದದ್ದು ಒಂದೇ ಮಾತು, ಅಂದ ಮೇಲೆ ಮಗು ಹೇಳಿದ್ದೇ ಕತೆ. "ಹಾಗಾದರೆ... ನೀನೇ ಹೇಳು," ಎಂದಳು ದೊಡ್ಡಮ್ಮ, ಮೇಜಿನ ಅಂಚು ಹಿಡಿದುಕೊಂಡು.

ಗುಬ್ಬಿ ಗಂಟಲು ಸರಿಮಾಡಿಕೊಂಡು, ಟೀಚರು ಕಲಿಸಿದಂತೆ ಎರಡೂ ಕೈ ಚಾಚಿ, "ಆಮೆಗೆ ರೆಕ್ಕೆ ಬಂತು, ಅದು ಕೆಂಡ ಕಚ್ಚಿ ಹಾರಿತು," ಎಂದು ಶುರುಮಾಡಿದ್ದೇ ತಡ, ಬಾಗಿಲಲ್ಲಿ ಸಿಡಿಲು ಬಡಿದಂತಾಯಿತು.

"ಸುಳ್ಳು!"

ಡ್ಯೂಟಿ ಮುಗಿಸಿ ಬಂದ ಕಂಡಕ್ಟರ್ ಮೆಟ್ಟಿಲ ಬಳಿ ನಿಂತಿದ್ದಳು, ಒಂದು ಕಾಲಲ್ಲಿ ಬೂಟು, ಇನ್ನೊಂದು ಬೂಟು ಕೈಯಲ್ಲಿ. ಕೊನೆಯ ಸೀಟಿನವರೆಗೆ ಮುಟ್ಟುವ ಗಂಟಲಿನಲ್ಲಿ, ಬೆಟ್ಟದ ಮಾತಿನಲ್ಲಿ ಕೂಗಿದ್ದಳು. ಕೂಗಿದ ಮೇಲೆ ತಾನೇ ಬೆಚ್ಚಿದಳು. ಮೇಲಿನ ಅಂತಸ್ತಿನಲ್ಲಿ ಯಾರೋ ಕಿಟಕಿ ತೆಗೆದು ನೋಡಿದರು.

"ಹಾಗಾದರೆ ನೀನೇ ಹೇಳು," ಎಂದಳು ದೊಡ್ಡಮ್ಮ. ಈ ಸಲ ಮೇಜಿನ ಅಂಚು ಬಿಟ್ಟಿದ್ದಳು.

ಕಂಡಕ್ಟರ್ ಹೇಳಿದಳು. ಮೊದಮೊದಲು ಶಬ್ದಗಳು ತುಕ್ಕು ಹಿಡಿದ ಬೀಗದಂತೆ ಕಿರುಗುಟ್ಟಿದವು. ಜಿಂಕೆಯ ಹೆಸರು ನೆನಪಾಗದೆ ಕೈಯಲ್ಲಿ ಕೊಂಬು ತೋರಿಸಿದಳು. ಆಮೇಲೆ ಸಿಟ್ಟೇ ಅವಳನ್ನು ಮುಂದಕ್ಕೆ ತಳ್ಳಿತು. "ಹಾರಿತಂತೆ, ಹಾರಿತು! ಏ ಗುಬ್ಬಿ, ಅಜ್ಜಿ ಇಸ್ತ್ರಿ ಪೆಟ್ಟಿಗೆ ಬೀಸಿದರೆ ಕೆಂಡ ಏನಾಗುತ್ತೆ?"

"ಉರಿಯುತ್ತೆ."

"ಆಮೇಲೆ?"

"...ಬೇಗ ಬೂದಿಯಾಗುತ್ತೆ."

"ಮತ್ತೆ ಹಾರಿದ್ರೆ ಮನೆಗೆ ಏನು ಬರ್ತಿತ್ತು? ಬೂದಿ!"

ಗುಬ್ಬಿ ಪೆಟ್ಟಿಗೆಯನ್ನು ನೋಡಿದಳು, ಪುಸ್ತಕವನ್ನು ನೋಡಿದಳು. ಕಂಡಕ್ಟರ್ ಆಮೆಯನ್ನು ನಡೆಸಿಕೊಂಡು ಬೆಟ್ಟಕ್ಕೆ ತಂದಳು. ಆಗ ದೊಡ್ಡಮ್ಮ, ಕಣ್ಣಲ್ಲಿ ನೀರು ತುಂಬಿದ್ದರೂ, ಕೊನೆಯ ಬಲೆ ಬೀಸಿದಳು: "ಆಮೆ ಬಂದು ಮುಟ್ಟಿತು. ಎಲ್ಲರೂ ಸೇರಿ ಆಮೆಗೆ ಶಾಲು ಹೊದಿಸಿ ಸನ್ಮಾನ ಮಾಡಿದರು."

"ಸುಳ್ಳಮ್ಮಾ! ಯಾರು ಮಾಡಿದ್ರು ಸನ್ಮಾನ? ಇಷ್ಟು ತಡ ಯಾಕೆ ಅಂತ ಬೈದರು!" ಹೇಳುತ್ತ ಹೇಳುತ್ತ ಕಂಡಕ್ಟರ್ ಬೂಟು ಕೆಳಗೆ ಹಾಕಿ ತಾಯಿಯ ಹೆಗಲ ಮೇಲೆ ಮುಖವಿಟ್ಟು ಬಿಕ್ಕಿದಳು. "ನಾನೇ ತಡ ಮಾಡಿದೆ ಅಮ್ಮ."

"ನಿನ್ನ ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ?" ಎಂದಳು ದೊಡ್ಡಮ್ಮ, ಅವಳ ಬೆನ್ನು ಸವರುತ್ತ. ಮೇಜಿನ ಮೇಲೆ ಮರೆತಿದ್ದ ಪೆಟ್ಟಿಗೆಯ ಕೆಳಗೆ ಯಾರದೋ ಪ್ಯಾಂಟು ಸುಟ್ಟು ವಾಸನೆ ಬರುತ್ತಿತ್ತು.

ಮರುದಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ನಿರ್ದೇಶಕರು, ತೀರ್ಪುಗಾರರು, ಮಧ್ಯದ ಕುರ್ಚಿಯಲ್ಲಿ ಸನ್ಮಾನಕ್ಕೆ ಕಾದ ದೊಡ್ಡಮ್ಮ. ಗುಬ್ಬಿಯ ಸರದಿ ಬಂತು. ಪಕ್ಕದಲ್ಲೇ ಕೆಂಪು ಸೈಕಲ್ಲು ಮಿರಿಮಿರಿ ಮಿಂಚುತ್ತಿತ್ತು. ಹುಡುಗಿ ಪಾಠದಂತೆಯೇ ಶುರುಮಾಡಿ, ಆಮೆಯ ಹತ್ತಿರ ಬಂದು ನಿಂತಳು. ಸೈಕಲ್ಲಿನ ಕಡೆ ಒಮ್ಮೆ ನೋಡಿದಳು. ಚಾಚಿದ್ದ ಕೈಗಳನ್ನು ಕೆಳಗಿಳಿಸಿ, "ಆಮೆ ನಡೆಯಿತು," ಎಂದಳು. ದೊಡ್ಡಮ್ಮನಿಗೆ ಕೂತಲ್ಲೇ ಎದ್ದು ಕುಣಿಯಬೇಕೆನಿಸಿತು.

"ಮೂಲಕ್ಕೆ ನಿಷ್ಠೆ ಸಾಲದು," ಎಂದು ತೀರ್ಪುಗಾರರು ಬರೆದರು. ಗುಬ್ಬಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ. ಸೈಕಲ್ಲು ಇನ್ನೊಬ್ಬ ಹುಡುಗನಿಗೆ ಹೋಯಿತು; ಅವನು ಆಮೆಯನ್ನು ಪಾಠಕ್ಕಿಂತ ಒಂದು ಸುತ್ತು ಹೆಚ್ಚಿಗೇ ಹಾರಿಸಿದ್ದ. ಆಮೇಲೆ ದೊಡ್ಡಮ್ಮನಿಗೆ ಶಾಲು ಹೊದಿಸಿದರು. "ಈಗ ಅವರ ಬಾಯಿಂದಲೇ ಮೂಲ ಕತೆ ಕೇಳೋಣ," ಎಂದು ನಿರ್ದೇಶಕರು ಮೈಕು ಕೊಟ್ಟರು.

ದೊಡ್ಡಮ್ಮ ಮೈಕನ್ನು ಒಮ್ಮೆ ನೋಡಿ, "ಆ ಕತೆ ಈಗ ನನ್ನ ಹತ್ತಿರ ಇಲ್ಲ," ಎಂದಳು. "ಕೊಟ್ಟಾಯ್ತು. ಬೇಕಿದ್ದರೆ ಬಸ್ ಹತ್ತಿ ಕೇಳಿ."

ಸಭೆ ಚಪ್ಪಾಳೆ ತಟ್ಟಿತು. ಸಂಶೋಧಕಿ "ಬಸ್ಸು" ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದಳು.

ಮನೆಗೆ ಹೊರಟದ್ದು ಕಂಡಕ್ಟರ್ ಮಗಳ ಬಸ್ಸಿನಲ್ಲೇ. ಕಿಟಕಿಯ ಪಕ್ಕ ದೊಡ್ಡಮ್ಮ, ಅವಳ ಪಕ್ಕ ಅತ್ತು ಅತ್ತು ಮೂಗು ಕೆಂಪಾದ ಗುಬ್ಬಿ. "ಅಜ್ಜಿ, ಇನ್ನೊಂದು ಸಲ ಆ ಕತೆ ಹೇಳು," ಎಂದಳು ಹುಡುಗಿ.

"ನನಗೆ ಬರಲ್ಲ. ನಿಮ್ಮಮ್ಮನ್ನ ಕೇಳು."

ಕಂಡಕ್ಟರ್ ಟಿಕೆಟ್ ಹರಿಯುತ್ತ, ಸೀಟಿ ಊದುತ್ತ, ನಡುನಡುವೆ ಬೆಟ್ಟದ ಮಾತಿನಲ್ಲಿ ಕತೆ ಹೇಳಿದಳು. ಜಿಂಕೆ ಹೋಯಿತು, ಹದ್ದು ಹೋಯಿತು. "ಆಮೆ ಬೆನ್ನ ಮೇಲೆ ಕೆಂಡ ಇಟ್ಟುಕೊಂಡಿತು. ಒಂದು ಬಸ್ಸು ಬಂತು. ಆಮೆ ಹತ್ತಿ ಕೂತಿತು."

ದೊಡ್ಡಮ್ಮನ ನಾಲಿಗೆ ತುರಿಸಿತು. ಆದರೆ ಇನ್ನು ಆ ಕತೆಯಲ್ಲಿ ಅವಳು ಬಾಯಿ ಹಾಕುವಂತಿರಲಿಲ್ಲ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಮೊಮ್ಮಗಳ ಮುಖವನ್ನೇ ನೋಡುತ್ತ ಕೂತಳು.

ಗುಬ್ಬಿ ಮೂಗು ಒರೆಸಿಕೊಂಡಳು. ಹುಬ್ಬು ಗಂಟಿಕ್ಕಿದಳು. ಎದ್ದು ಸೀಟಿನ ಮೇಲೆ ನಿಂತು ಬಸ್ಸೆಲ್ಲ ತಿರುಗಿ ನೋಡುವಂತೆ ಕೂಗಿದಳು: "ಸುಳ್ಳು!"

ಅಷ್ಟರಲ್ಲಿ ಸ್ಟಾಪು ಬಂತು. ಬಹಳ ಹೊತ್ತಿನಿಂದ ಬಿಸಿಲಲ್ಲಿ ಕಾದಿದ್ದ ಒಬ್ಬ ಮನುಷ್ಯ ಹತ್ತುತ್ತಲೇ ಕಂಡಕ್ಟರ್ ಮೇಲೆ ಹರಿಹಾಯ್ದ: "ಏನಮ್ಮಾ, ಇಷ್ಟು ತಡ ಯಾಕೆ?"

ಕಂಡಕ್ಟರ್ ತಾಯಿಯ ಕಡೆ ನೋಡಿದಳು. ದೊಡ್ಡಮ್ಮ ಸನ್ಮಾನದ ಶಾಲನ್ನು ಮುಖದ ಮೇಲೆ ಎಳೆದುಕೊಂಡು, ಒಳಗೊಳಗೇ ನಗುತ್ತಿದ್ದಳು.